ಫೋಟೊಗ್ರಫಿ ಓದಲು ಯಾವ ಕಾಲೇಜು? ಯಡ್ರಾವದ ಮಕ್ಕಳಿಗೂ ಅವರ ಮನೆಯವರಿಗೂ

ಮಹಾರಾಷ್ಟ್ರದ ಗಡಿಯ ಯಡ್ರಾವದಲ್ಲಿ ಎಂಜಿನಿಯರಿಂಗ್ ಓದಲು ಊರು ಬಿಡಬೇಕಿಲ್ಲ. ಶರದ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇಲ್ಲಿಯೇ ಇದೆ. ಪಕ್ಕದಲ್ಲಿ ಇಚಲಕರಂಜಿಯ ಮಗ್ಗಗಳಿವೆ, ಕಾರ್ಖಾನೆಗಳಿವೆ. ಓದು ಮುಗಿದ ಮೇಲೆ ಕೆಲಸ ಎಲ್ಲಿ ಸಿಗುತ್ತದೆ ಎಂಬುದು ಮನೆಯವರ ಕಣ್ಣೆದುರಿಗೇ ಕಾಣುತ್ತದೆ. ಅಂಥ ಮನೆಯಲ್ಲಿ ಮಗಳೋ ಮಗನೋ ಹನ್ನೆರಡನೆಯ ತರಗತಿ ಮುಗಿಸಿ "ನಾ ಫೋಟೊಗ್ರಫಿ ಓದ್ತೀನಿ" ಅಂದರೆ ಅಪ್ಪ ಕೇಳುವುದು ಎರಡೇ ಮಾತು. "ಫೋಟೊ ತೆಗಿಯಾಕ ಕಾಲೇಜ್ ಬೇಕೇನು?" "ಕಲ್ತು ಮಾಡೋದರ ಏನು, ಮದಿವಿ ಆಲ್ಬಮ್ಮ?"

ಎರಡೂ ನ್ಯಾಯವಾದ ಪ್ರಶ್ನೆಗಳು. ಉತ್ತರ ಗೊತ್ತಿಲ್ಲದೆ ಅರ್ಜಿ ತುಂಬಿದರೆ ಲಕ್ಷಗಟ್ಟಲೆ ದುಡ್ಡು, ಮೂರು ನಾಲ್ಕು ವರ್ಷ ಎರಡೂ ತಪ್ಪು ಜಾಗಕ್ಕೆ ಹೋಗಬಹುದು.

ಕಾಲೇಜಿಲ್ಲದೆ ಕಲಿಯಬಹುದು ಎಂಬುದಕ್ಕೆ ಕೊಲ್ಹಾಪುರ ಸೀಮೆಯೇ ಸಾಕ್ಷಿ. ಬಾಬುರಾವ್ ಪೇಂಟರ್ ಕೊಲ್ಹಾಪುರದಲ್ಲಿ ಸ್ವಂತ ಕೈಯಿಂದ ಸಿನಿಮಾ ಕ್ಯಾಮೆರಾ ಕಟ್ಟಿದರು; 1920ರಲ್ಲಿ 'ಸೈರಂಧ್ರಿ' ತೆರೆಗೆ ತಂದರು. ಅವರ ಕಂಪನಿಯಲ್ಲಿ ಪಳಗಿದ ವಿ. ಶಾಂತಾರಾಮ್, ದಾಮ್ಲೆ, ಫತ್ತೇಲಾಲ್, ಧಾಯ್ಬರ್ ಮುಂತಾದವರು 1929ರಲ್ಲಿ ಅದೇ ಊರಿನಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹೂಡಿದರು. 1933ರಲ್ಲಿ ಪ್ರಭಾತ್ ಪುಣೆಗೆ ಹೋಯಿತು. ಅದರ ಸ್ಟುಡಿಯೊ ಇದ್ದ ಜಾಗದಲ್ಲಿಯೇ 1960ರಲ್ಲಿ ಈಗಿನ ಎಫ್‌ಟಿಐಐ ಆರಂಭವಾಯಿತು. ಗುರುವಿನ ಕೈಕೆಳಗೆ ಕಲಿತವರ ಅಂಗಳವೇ ದೇಶದ ದೊಡ್ಡ ಸಿನಿಮಾ ಶಾಲೆಯಾಯಿತು.

ಕನ್ನಡದವರಲ್ಲಿಯೂ ಎರಡು ದಾರಿಯ ಉದಾಹರಣೆಗಳಿವೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಬಳಿ ಫೋಟೊಗ್ರಫಿಯ ಪದವಿ ಇರಲಿಲ್ಲ. ಪತ್ರಿಕೆಗಳಿಗೆ ದುಡಿಯುತ್ತಲೇ ಬೆಳೆದರು. ಮಕ್ಕಳ ವರ್ಷವಾದ 1979ರಲ್ಲಿ ಅವರ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ನಡೆಯಿತು. ಅದೇ ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮಾಡಿ ಮುಂಬಯಿಗೆ ಹೋದರು. ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' ಅವರ ಕ್ಯಾಮೆರಾ ಕೆಲಸ. 2008ರ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರಾದರು. ಗೋವಿಂದ ನಿಹಲಾನಿ ಕೂಡ ಅದೇ ಪಾಲಿಟೆಕ್ನಿಕ್ಕಿನಲ್ಲಿ ಓದಿದವರು.

ಈ ಎರಡು ದಾರಿಗಳ ನಡುವಿನ ವ್ಯತ್ಯಾಸ ನನಗೆ ಕಾಣುವುದು ಹೀಗೆ. ಬೆಳಕು ಹೇಗಿದೆಯೋ ಹಾಗೆ ಹಿಡಿಯುವ ಕೆಲಸವನ್ನು, ಎಂದರೆ ಸುದ್ದಿ, ಬೀದಿ, ಜಾತ್ರೆ, ಮದುವೆಯ ಚಿತ್ರಗಳನ್ನು, ಒಳ್ಳೆಯ ಹಿರಿಯರ ಜೊತೆ ಓಡಾಡಿ ಕಲಿಯಬಹುದು. ಬೆಳಕನ್ನೇ ಕಟ್ಟಿ ನಿಲ್ಲಿಸಬೇಕಾದ ಕೆಲಸಕ್ಕೆ, ಎಂದರೆ ಜಾಹೀರಾತು, ಒಡವೆ, ಬಟ್ಟೆ, ಸಿನಿಮಾಕ್ಕೆ, ಸ್ಟುಡಿಯೊ ಬೇಕು, ದೀಪಗಳು ಬೇಕು, ಪಕ್ಕದಲ್ಲಿ ನಿಂತು "ಇದು ತಪ್ಪು, ಮತ್ತೆ ಇಡು" ಅನ್ನುವವರು ಬೇಕು. ಅದೆಲ್ಲ ಒಬ್ಬ ವಿದ್ಯಾರ್ಥಿ ತನ್ನ ದುಡ್ಡಿನಲ್ಲಿ ಕೊಳ್ಳುವಂಥದ್ದಲ್ಲ. ಕಾಲೇಜಿನ ಫೀಸು ಸಾರ್ಥಕವಾಗುವುದು ಅಲ್ಲಿ.

ಇನ್ನು ದುಡಿಮೆಯ ಪ್ರಶ್ನೆ. ಮದುವೆ ಫೋಟೊ ಈ ಭಾಗದ ಫೋಟೊಗ್ರಾಫರುಗಳ ಮುಖ್ಯ ಜೀವನೋಪಾಯ. ಅದರಲ್ಲಿ ಕೀಳಾದದ್ದು ಏನೂ ಇಲ್ಲ. ಆದರೆ ಯಡ್ರಾವದ ಸುತ್ತ ಬೇರೆ ಕೆಲಸವೂ ಇದೆ. ಇಚಲಕರಂಜಿಯ ಬಟ್ಟೆ ಮಾರಬೇಕು. ಹುಪರಿಯ ಬೆಳ್ಳಿ ಗೆಜ್ಜೆ ಮಾರಬೇಕು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಮಾರಾಟ ಫೋನಿನ ಪರದೆಗೆ ಬಂದ ಮೇಲೆ ಕೊಳ್ಳುವವರು ವಸ್ತುವನ್ನು ಮುಟ್ಟಿ ನೋಡುವುದಿಲ್ಲ, ಫೋಟೊ ನೋಡುತ್ತಾರೆ. ಒಡವೆಯನ್ನೂ ಬಟ್ಟೆಯನ್ನೂ ಸರಿಯಾಗಿ ತೆಗೆಯಬಲ್ಲವರಿಗೆ ಇಲ್ಲಿಯೇ ವರ್ಷವಿಡೀ ಕೆಲಸವಾಗಬಹುದು. ಹಾಗಾಗಿ ಕಾಲೇಜು ಹುಡುಕುವ ಮೊದಲು "ಮುಗಿಸಿದ ಮೇಲೆ ಯಾರಿಗೆ ಯಾವ ಚಿತ್ರ ತೆಗೆದುಕೊಡಬೇಕೆಂದಿದ್ದೇನೆ" ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಉತ್ತರ ಬದಲಾದರೂ ಚಿಂತೆಯಿಲ್ಲ. ಆದರೆ ಆ ಹಾಳೆಯಿಲ್ಲದೆ ಕೋರ್ಸುಗಳನ್ನು ಹೋಲಿಸಲು ಬರುವುದಿಲ್ಲ, ಯಾಕೆಂದರೆ 'ಫೋಟೊಗ್ರಫಿ' ಎಂಬ ಒಂದೇ ಹೆಸರಿನಲ್ಲಿ ತೀರಾ ಬೇರೆಬೇರೆ ಓದುಗಳಿವೆ.

ಕನ್ನಡ ಮನೆಮಾತಿನವರು ಮೊದಲು ವಿಚಾರಿಸಬೇಕಾದ್ದು ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜನ್ನು. ಎಲ್ಲರೂ 'ಕಾವಾ' ಅನ್ನುತ್ತಾರೆ. ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆಗಳ ಜೊತೆಗೆ ಫೋಟೊಗ್ರಫಿ ಮತ್ತು ಫೋಟೊ ಜರ್ನಲಿಸಂ ಅಲ್ಲಿ ಬಿಎಫ್‌ಎ ಪದವಿಯ ಪ್ರತ್ಯೇಕ ವಿಭಾಗ. ಸರ್ಕಾರಿ ಕಾಲೇಜಾದ್ದರಿಂದ ಫೀಸು ಖಾಸಗಿಯವರ ಪಕ್ಕದಲ್ಲಿ ಇಡುವಂತೆಯೇ ಇಲ್ಲ, ಅಷ್ಟು ಕಡಿಮೆ. ಪಾಠವೂ ಟೀಕೆಯೂ ಕನ್ನಡ ಕಿವಿಗೆ ಹತ್ತಿರ. ಚಿತ್ರ ಬಿಡಿಸುವವರ, ಮಣ್ಣು ಕಲಸುವವರ ನಡುವೆ ಇದ್ದು ಫೋಟೊ ಕಲಿಯುವುದರ ಲಾಭ ದೊಡ್ಡದು. ಚೌಕಟ್ಟು, ನೆರಳು, ಬಣ್ಣಗಳ ತಿಳಿವಳಿಕೆ ಅಲ್ಲಿ ಬರಿಯ ಪುಸ್ತಕದ್ದಲ್ಲ.

ಮಹಾರಾಷ್ಟ್ರದೊಳಗೇ ಇರಬೇಕೆಂದರೆ ಬಿಎಫ್‌ಎ ಅಪ್ಲೈಡ್ ಆರ್ಟ್ ಇದೆ. ಅದಕ್ಕೆ ರಾಜ್ಯದ ಸಿಇಟಿ ಸೆಲ್ ನಡೆಸುವ ಎಎಸಿ ಸಿಇಟಿ ಬರೆಯಬೇಕು. ಪರೀಕ್ಷೆಯಲ್ಲಿ ಡಿಸೈನ್, ವಸ್ತು ನೋಡಿ ಬಿಡಿಸುವುದು, ನೆನಪಿನಿಂದ ಬಿಡಿಸುವುದು ಮತ್ತು ಸಾಮಾನ್ಯ ಜ್ಞಾನ ಇರುತ್ತವೆ. ಶಾಲೆಯಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಮಾಡಿದವರಿಗೆ ಇದು ಹೊಸದೇನಲ್ಲ. ಅಪ್ಲೈಡ್ ಆರ್ಟಿನಲ್ಲಿ ಫೋಟೊಗ್ರಫಿ ಒಂದು ವಿಷಯ ಮಾತ್ರ. ಉಳಿದದ್ದು ಜಾಹೀರಾತು, ಅಕ್ಷರ ವಿನ್ಯಾಸ, ಚಿತ್ರ. ಬಟ್ಟೆ ಅಂಗಡಿಯ ಕ್ಯಾಟಲಾಗನ್ನು ಫೋಟೊದಿಂದ ಹಿಡಿದು ಅಚ್ಚಿನವರೆಗೆ ಒಬ್ಬರೇ ಮಾಡಬಲ್ಲವರಾಗಬೇಕಾದರೆ ಇದೇ ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ. ಕೊಲ್ಹಾಪುರ, ಸಾಂಗಲಿಗಳಲ್ಲಿಯೂ ಕಲಾ ಕಾಲೇಜುಗಳಿವೆ. ಅಲ್ಲಿ ಕೇಳಬೇಕಾದ್ದು: ಯಾವ ವರ್ಷ ಫೋಟೊಗ್ರಫಿ ಶುರು, ವಾರಕ್ಕೆ ಎಷ್ಟು ತಾಸು, ಕೊನೆಯ ವರ್ಷ ಅದನ್ನೇ ವಿಶೇಷ ವಿಷಯವಾಗಿ ಆರಿಸಬಹುದೇ.

ಪುಣೆಯ ಸಿಂಬಯಾಸಿಸ್ ವಿಶ್ವವಿದ್ಯಾಲಯ ಫೋಟೊಗ್ರಫಿಗೆ ಬೇರೆಯೇ ಶಾಲೆ ನಡೆಸುತ್ತದೆ. ಹನ್ನೆರಡನೆಯದರ ಮೇಲೆ ಪದವಿ, ಇಂಗ್ಲಿಷ್ ಮಾಧ್ಯಮ, ಖಾಸಗಿ ಫೀಸು. ಊಟಿ ಹತ್ತಿರದ ಲವ್‌ಡೇಲಿನಲ್ಲಿ 2001ರಿಂದ ನಡೆಯುತ್ತಿರುವ ಲೈಟ್ ಅಂಡ್ ಲೈಫ್ ಅಕಾಡೆಮಿ ಬರೀ ಫೋಟೊಗ್ರಫಿಗೇ ಮೀಸಲಾದ ಶಾಲೆ. ಅಲ್ಲಿ ಸಿಗುವುದು ಡಿಪ್ಲೊಮಾ, ಪದವಿಯಲ್ಲ. ಗಾಂಧಿನಗರದ ಎನ್‌ಐಡಿಯಲ್ಲಿ ಫೋಟೊಗ್ರಫಿ ಡಿಸೈನ್ ಸ್ನಾತಕೋತ್ತರ ಮಟ್ಟದ್ದು, ಅದಕ್ಕೆ ಡ್ಯಾಟ್ ಪ್ರವೇಶ ಪರೀಕ್ಷೆ. ಎಂಜಿನಿಯರಿಂಗಿಗೋ ಬಿಕಾಂಗೋ ಆಗಲೇ ಸೇರಿ "ಬಿಟ್ಟುಬಿಡಲೇ?" ಎಂದು ಯೋಚಿಸುತ್ತಿರುವವರಿಗೆ ಇಂಥ ಕೋರ್ಸುಗಳಿವೆ ಎಂದು ಗೊತ್ತಿರಬೇಕು. ಹಿಡಿದ ಪದವಿ ಮುಗಿಸಿ, ಜೊತೆಗೇ ಚಿತ್ರ ತೆಗೆಯುತ್ತಿದ್ದು, ಆಮೇಲೆ ಹೋಗಬಹುದು.

ಸಿನಿಮಾ ಕ್ಯಾಮೆರಾ ಬೇರೆ ಓದು. ಎಫ್‌ಟಿಐಐಯ ಸಿನಿಮಾಟೊಗ್ರಫಿಗೆ ಪದವಿ ಆಗಿರಬೇಕು. ಮೂರ್ತಿಯವರು ಓದಿದ ಆ ಹಳೆಯ ಕೋರ್ಸು ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಡಿಪ್ಲೊಮಾ ಆಗಿ ನಡೆಯುತ್ತಿದೆ. ಸುದ್ದಿಮನೆಯ ಕಡೆ ಒಲವಿದ್ದವರಿಗೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ ಹತ್ತಿರದ್ದು, ಆದರೆ ಅಲ್ಲಿ ಬರವಣಿಗೆಯೇ ಮುಂದು. ಬೇಗ ದುಡಿಮೆಗೆ ನಿಲ್ಲಲೇಬೇಕಾದ ಮನೆಯ ಮಕ್ಕಳಿಗೆ ಐಟಿಐಯ 'ಡಿಜಿಟಲ್ ಫೋಟೊಗ್ರಾಫರ್' ಟ್ರೇಡ್ ಇದೆ: ಒಂದು ವರ್ಷ, ಹತ್ತನೆಯದು ಪಾಸಾಗಿದ್ದರೆ ಸಾಕು. ಎಲ್ಲ ಐಟಿಐಗಳಲ್ಲಿ ಇರುವುದಿಲ್ಲ, ಕೇಳಿ ಹೋಗಬೇಕು.

ಗಡಿಯಲ್ಲಿ ಇರುವವರಿಗೆ ಒಂದು ಕಾಗದದ ತೊಡಕು ಬೇರೆ. ಕರ್ನಾಟಕದ ವೃತ್ತಿಪರ ಕೋರ್ಸುಗಳ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆ ಕೊಡುವ ನಿಯಮವಿದೆ. ಅದು ಮಹಾರಾಷ್ಟ್ರದಲ್ಲಿ ಹೆಸರಿಸುವುದು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಮತ್ತು ಗಡಹಿಂಗ್ಲಜ ತಾಲ್ಲೂಕುಗಳನ್ನು. ಯಡ್ರಾವ ಇರುವುದು ಶಿರೋಳ ತಾಲ್ಲೂಕಿನಲ್ಲಿ. ಆ ಪಟ್ಟಿಯಲ್ಲಿ ಶಿರೋಳ ಇಲ್ಲ. ಮನೆಯಲ್ಲಿ ಎರಡೂ ಕಡೆ ಒಂದೇ ಕನ್ನಡ, ಆದರೆ ಗಡಹಿಂಗ್ಲಜದ ಹುಡುಗನಿಗೆ ಸಿಗುವ ಅವಕಾಶ ಯಡ್ರಾವದ ಹುಡುಗಿಗೆ ಸಿಗುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಕರ್ನಾಟಕದ ಕಲಾ ಕಾಲೇಜುಗಳ ಪ್ರವೇಶ ಈ ಸಿಇಟಿಯಿಂದ ನಡೆಯುವುದಿಲ್ಲವಾದ್ದರಿಂದ, ಹೊರರಾಜ್ಯದ ಕನ್ನಡಿಗರಿಗೆ ಸೀಟು ಹೇಗೆ, ಯಾವ ಪ್ರಮಾಣಪತ್ರ ಬೇಕು ಎಂದು ಕಾವಾದ ಕಚೇರಿಯಲ್ಲಿಯೇ ಕೇಳಬೇಕು. ಹಿಂದಿನ ವರ್ಷ ಸೇರಿದವರ ಮಾತು ನಂಬಿ ಕೂರಬಾರದು. ಮಹಾರಾಷ್ಟ್ರದ ರಾಜರ್ಷಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆಯಂಥ ನೆರವು ಮಹಾಡಿಬಿಟಿ ಪೋರ್ಟಲಿನಲ್ಲಿ ಸಿಗುತ್ತದೆ. ಗಡಿ ದಾಟಿ ಓದಿದರೆ ಅದು ಉಳಿಯುತ್ತದೆಯೋ ಹೋಗುತ್ತದೆಯೋ ಎಂಬುದನ್ನು ಲೆಕ್ಕ ಹಾಕಿಯೇ ಮೈಸೂರು, ಪುಣೆಗಳ ಖರ್ಚನ್ನು ಹೋಲಿಸಿ.

ಪಟ್ಟಿ ಎರಡು ಮೂರು ಹೆಸರಿಗೆ ಇಳಿದ ಮೇಲೆ ಮಾಡಬೇಕಾದ ಕೆಲಸ ಒಂದೇ: ಹೋಗಿ ನೋಡುವುದು. ಮಿರಜಕ್ಕೆ ಹೋದರೆ ಪುಣೆಗೂ ರೈಲಿದೆ, ಬೆಂಗಳೂರಿಗೂ ರಾಣಿ ಚೆನ್ನಮ್ಮ ಇದೆ. ಮಾಹಿತಿ ಪುಸ್ತಕದ ಹೊಳೆಯುವ ಪುಟದಲ್ಲಿ ಇರುವ ಕ್ಯಾಮೆರಾಗಳಿಗಿಂತ, ತರಗತಿ ನಡೆಯುವ ದಿನ ಬೀರುವಿನ ಹೊರಗೆ ಇರುವ ಕ್ಯಾಮೆರಾಗಳು ಎಷ್ಟು ಎಂಬುದು ಮುಖ್ಯ. ಸ್ಟುಡಿಯೊದ ರಿಜಿಸ್ಟರ್ ತೋರಿಸಿ ಅನ್ನಿ. ಕಳೆದ ತಿಂಗಳು ಯಾವ ವಿದ್ಯಾರ್ಥಿ ಎಷ್ಟು ಹೊತ್ತು ಬಳಸಿದ್ದಾನೆ ಎಂದು ಅದರಲ್ಲಿ ಕಾಣುತ್ತದೆ. ರಿಜಿಸ್ಟರೇ ಇಲ್ಲ ಎಂದರೆ ಅದೂ ಒಂದು ಉತ್ತರ. ಸಂಜೆ ಆರರ ಮೇಲೆ ಸ್ಟುಡಿಯೊ ತೆರೆದಿರುತ್ತದೆಯೇ, ಆ ಹೊತ್ತಿನಲ್ಲಿ ಹೆಣ್ಣುಮಕ್ಕಳು ಅಲ್ಲಿಂದ ಹಾಸ್ಟೆಲಿಗೆ ಹೇಗೆ ಹೋಗುತ್ತಾರೆ ಎಂದೂ ಕೇಳಿ. ಮಗಳನ್ನು ಕಳಿಸುವ ತಾಯಿ ಇದನ್ನು ಸಂಕೋಚವಿಲ್ಲದೆ ಕೇಳಬೇಕು, ಯಾಕೆಂದರೆ ಸಿಲಬಸ್ಸಿನಲ್ಲಿ ಇದ್ದರೂ ರಾತ್ರಿ ಬೆಳಕಿನ ಕೆಲಸ ಹುಡುಗರ ಪಾಲಿಗಷ್ಟೇ ಹೋಗುವುದು ಇಂಥ ಕಾರಣಕ್ಕೆ.

ಕಲಿಸುವವರ ಬಳಿ ಕೂತಾಗ ನಮ್ಮೂರ ಪ್ರಶ್ನೆಗಳನ್ನೇ ಒಯ್ಯಿರಿ. ಹುಪರಿಯ ಒಂದು ಜೊತೆ ಗೆಜ್ಜೆ ಜೇಬಿನಲ್ಲಿ ಇಟ್ಟುಕೊಂಡು ಹೋಗಿ "ಸರ್, ಇದನ್ನ ಹೆಂಗ ತೆಗೀತೀರಿ?" ಎಂದು ಕೇಳಿ ನೋಡಿ. ಮೆರುಗು ಕೊಟ್ಟ ಬೆಳ್ಳಿ ಎದುರಿಗಿರುವುದನ್ನೆಲ್ಲ ಮೈಮೇಲೆ ತೋರಿಸುತ್ತದೆ: ಕ್ಯಾಮೆರಾ, ಕೈ, ಕಿಟಕಿ, ಅಂಗಿಯ ಬಣ್ಣ. ನೇರ ದೀಪ ಬಿಟ್ಟರೆ ಅಲ್ಲಲ್ಲಿ ಸುಟ್ಟ ಬಿಳಿ ಚುಕ್ಕೆ, ಉಳಿದದ್ದು ಕಪ್ಪು. ಅದಕ್ಕೆ ಬೆಳಕನ್ನು ಬೆಳ್ಳಿಯ ಮೇಲಲ್ಲ, ಬೆಳ್ಳಿಯ ಸುತ್ತ ಕಟ್ಟಿದ ಬಿಳಿ ಬಟ್ಟೆ ಅಥವಾ ಟ್ರೇಸಿಂಗ್ ಕಾಗದದ ಮೇಲೆ ಬಿಡಬೇಕು. ಅಂಚು ಎದ್ದು ಕಾಣಲು ಕರಿ ರಟ್ಟಿನ ಸಣ್ಣ ಪಟ್ಟಿ ಇಡಬೇಕು. ಬಲ್ಲ ಮೇಷ್ಟ್ರು ಮಾತಾಡುತ್ತಲೇ ಮೇಜಿನ ಮೇಲೆ ಕಾಗದ ಬಗ್ಗಿಸಿ ತೋರಿಸಲು ಶುರು ಮಾಡುತ್ತಾರೆ. ಕ್ಯಾಮೆರಾದ ಮಾಡೆಲ್ ನಂಬರ್ ಹೇಳಿ ಮುಗಿಸುವವರ ಬಳಿ ಮೂರು ವರ್ಷ ಕಳೆಯುವುದು ಕಷ್ಟ.

ಇನ್ನೊಂದು ಪ್ರಶ್ನೆ ಮಗ್ಗದ ಮನೆಯದು. ಟ್ಯೂಬ್‌ಲೈಟ್ ಉರಿಯುವ ಶೆಡ್ಡಿನಲ್ಲಿ ಓಡುವ ಪವರ್‌ಲೂಮನ್ನು ತೆಗೆಯುವುದು ಹೇಗೆ? ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ವೇಗ 1/100 ಅಥವಾ 1/50ರಲ್ಲಿದ್ದರೆ ಚಿತ್ರ ಸಮನಾಗಿ ಬರುತ್ತದೆ, ಹೆಚ್ಚಿಸಿದರೆ ಅಡ್ಡಡ್ಡ ಕಪ್ಪು ಪಟ್ಟೆ ಬೀಳಬಹುದು. ಆದರೆ ಆ ವೇಗದಲ್ಲಿ ಲಾಳಿ ನಿಲ್ಲುವುದಿಲ್ಲ, ಬರೀ ಗೀಟಾಗುತ್ತದೆ. ಲಾಳಿಯನ್ನು ನಿಲ್ಲಿಸಬೇಕೆ, ಓಡಲು ಬಿಡಬೇಕೆ? ನಿಲ್ಲಿಸಬೇಕಾದರೆ ಫ್ಲ್ಯಾಶ್ ಎಲ್ಲಿಂದ? ಓಡಲು ಬಿಟ್ಟರೆ ನೇಕಾರರ ಮುಖ ಮಾತ್ರ ಸ್ಪಷ್ಟವಾಗಿ ಉಳಿಯುವುದು ಹೇಗೆ? ತಂತ್ರ ಮತ್ತು ಅರ್ಥ ಎರಡೂ ಒಂದೇ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳುವ ಜಾಗ ಇದು. ಹಾಗೆಯೇ ಸಣ್ಣ ನೇಯ್ಗೆಯ ಬಟ್ಟೆ ತೆಗೆದರೆ ಬಟ್ಟೆಯಲ್ಲಿ ಇಲ್ಲದ ಅಲೆಗೆರೆಗಳು ಚಿತ್ರದಲ್ಲಿ ಮೂಡುತ್ತವೆ. ನೂಲಿನ ಸಾಲೂ ಸೆನ್ಸರಿನ ಚುಕ್ಕಿಗಳ ಸಾಲೂ ಒಂದರ ಮೇಲೊಂದು ಬಿದ್ದಾಗ ಆಗುವ ತೊಂದರೆ ಅದು. ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾದರೂ ಗಿರಾಕಿ ಬಟ್ಟೆ ವಾಪಸ್ ಕಳಿಸುತ್ತಾನೆ. ಕಂಪ್ಯೂಟರ್ ಲ್ಯಾಬಿನ ಮಾನಿಟರುಗಳ ಬಣ್ಣವನ್ನು ಯಂತ್ರ ಇಟ್ಟು ಹೊಂದಿಸುತ್ತಾರೆಯೇ, ಯಾವಾಗ ಹೊಂದಿಸಿದ್ದು ಎಂದು ಕೇಳಿ.

ಎಲ್ಲಕ್ಕಿಂತ ನಂಬಬೇಕಾದ್ದು ಈಗ ಓದುತ್ತಿರುವ ಮಕ್ಕಳ ಕೆಲಸವನ್ನು. ಕಾಲೇಜು ಗೋಡೆಗೆ ಹಾಕಿದ ಆಯ್ದ ಹತ್ತು ಚಿತ್ರಗಳು ಬೇಡ. ಕೊನೆಯ ವರ್ಷದ ಇಡೀ ತರಗತಿಯ ಪ್ರಾಜೆಕ್ಟ್‌ಗಳನ್ನು ತೋರಿಸಿ ಅನ್ನಿ. ಒಬ್ಬರು ಮಾತ್ರ ಅದ್ಭುತವಾಗಿ ತೆಗೆದಿದ್ದರೆ ಆ ವಿದ್ಯಾರ್ಥಿ ಜಾಣ ಎಂದಷ್ಟೇ ಅರ್ಥ. ತರಗತಿಯ ಸಾಧಾರಣ ಹುಡುಗನ ಕೆಲಸವೂ ಗಟ್ಟಿಯಾಗಿದ್ದರೆ ಅಲ್ಲಿ ಕಲಿಸುತ್ತಾರೆ ಎಂದು ಅರ್ಥ. ಎಲ್ಲರ ಚಿತ್ರವೂ ಒಂದೇ ಥರ ಕಂಡರೆ, ಒಂದೇ ಘಾಟು, ಒಂದೇ ಮುದುಕಿಯ ಸುಕ್ಕು ಮುಖ, ಒಂದೇ ಕಪ್ಪುಬಿಳುಪು, ಅಲ್ಲಿ ಮೇಷ್ಟ್ರ ರುಚಿಯನ್ನು ಮಕ್ಕಳು ನಕಲು ಮಾಡುತ್ತಿದ್ದಾರೆ. ವಾರಕ್ಕೊಮ್ಮೆ ಚಿತ್ರಗಳನ್ನು ಹರಡಿ ಎಲ್ಲರೆದುರು ಚರ್ಚಿಸುವ ರೂಢಿ ಇದೆಯೇ ಎಂದು ವಿದ್ಯಾರ್ಥಿಗಳನ್ನೇ ಕೇಳಿ, ಸಾಧ್ಯವಾದರೆ ಒಂದು ಚರ್ಚೆಗೆ ಹಿಂದೆ ಕೂತು ಬನ್ನಿ. ಅದು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನೂ ಗಮನಿಸಿ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆದವರು ಇಂಗ್ಲಿಷಿನ ಚರ್ಚೆಯಲ್ಲಿ ಮೊದಲ ವರ್ಷ ಬಾಯಿ ಬಿಡದೆ ಕೂರುವುದುಂಟು. ಅದಕ್ಕೆ ಹೆದರಿ ಬಿಡಬೇಕಿಲ್ಲ, ಆದರೆ ತಯಾರಿ ಬೇಕು.

ಪ್ರವೇಶಕ್ಕೆ ಚಿತ್ರಗಳ ಕಟ್ಟು ಕೇಳುವ ಕಾಲೇಜುಗಳಿಗೆ ಹಿಮಾಲಯದ ಫೋಟೊ ಬೇಕಾಗಿಲ್ಲ. ಖಿದ್ರಾಪುರದ ಕೋಪೇಶ್ವರ ಗುಡಿಯ ಸ್ವರ್ಗಮಂಟಪದ ಚಾವಣಿ ನಡುವೆ ದುಂಡಗೆ ತೆರೆದಿದೆ. ಬಿಸಿಲಿನ ವೃತ್ತ ಬೆಳಿಗ್ಗೆಯಿಂದ ಸಂಜೆಗೆ ಕಂಬದಿಂದ ಕಂಬಕ್ಕೆ ಸರಿಯುತ್ತದೆ. ಒಂದೇ ಜಾಗದಲ್ಲಿ ನಿಂತು ದಿನವಿಡೀ ಅದನ್ನು ಹಿಡಿದರೆ ಬೆಳಕಿನ ಪಾಠ ಕಾಲೇಜಿಗೆ ಮೊದಲೇ ಶುರು. ನರಸೋಬವಾಡಿಯಲ್ಲಿ ಹೊಳೆ ಏರಿ ನೀರು ಗುಡಿಯೊಳಗೆ ಬಂದಾಗ ನಡೆಯುವ ದಕ್ಷಿಣದ್ವಾರದ ಸ್ನಾನ, ಪಾಳಿ ಬದಲಾಗುವ ಹೊತ್ತಿನ ಮಗ್ಗದ ಓಣಿ, ಕುಸ್ತಿಯ ಅಖಾಡ ಇವೆಲ್ಲ ಕೈಯಳತೆಯಲ್ಲಿವೆ. ಹದಿನೈದು ಇಪ್ಪತ್ತು ಚಿತ್ರ ಸಾಕು, ಆದರೆ ಒಂದೇ ವಿಷಯದ ಬೆನ್ನು ಹತ್ತಿ ಮತ್ತೆ ಮತ್ತೆ ಹೋಗಿ ತೆಗೆದ ಐದಾರು ಅದರಲ್ಲಿ ಇರಲಿ. ಆಯ್ಕೆ ಮಾಡುವವರು ನೋಡುವುದು ಆ ಹಟವನ್ನು. ಫೋನಿನಲ್ಲಿ ತೆಗೆದಿದ್ದರೂ ನಾಚಬೇಡಿ.

ಕ್ಯಾಮೆರಾವನ್ನು ಕಾಲೇಜು ಸೇರುವ ಮೊದಲು ಕೊಳ್ಳಬೇಡಿ. ಇದು ಬಲವಾಗಿ ಹೇಳುವ ಮಾತು, ಯಾಕೆಂದರೆ ಮನೆಯವರು ಪ್ರೀತಿಯಿಂದ ಮೊದಲು ಮಾಡುವ ಖರ್ಚೇ ಇದು. ಕಾಲೇಜಿನ ಬಳಿ ಯಾವ ಕಂಪನಿಯ ಲೆನ್ಸುಗಳಿವೆ ಎಂದು ತಿಳಿದ ಮೇಲೆ ಅದಕ್ಕೆ ಹೊಂದುವ ಹಳೆಯ ಬಾಡಿ, 50 ಎಂಎಂ ಎಫ್ 1.8ರ ಅಗ್ಗದ ಲೆನ್ಸು ಕೊಂಡರೆ ಮೊದಲೆರಡು ವರ್ಷ ನಡೆಯುತ್ತದೆ. ಫೀಸಿನ ಪಟ್ಟಿಯಲ್ಲಿ ಕಾಣದ ಖರ್ಚುಗಳು ಬೇರೆ ಇವೆ: ಪ್ರಿಂಟು, ಹಾರ್ಡ್ ಡಿಸ್ಕು, ಲ್ಯಾಪ್‌ಟಾಪು, ಪ್ರವಾಸ, ಕೊನೆಯ ವರ್ಷದ ಪ್ರದರ್ಶನ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ ಒಂದು ಮಿತಿಯವರೆಗೆ ಅಡಮಾನ ಕೇಳುವುದಿಲ್ಲ, ಆದರೆ ಕೋರ್ಸಿಗೆ ಮಾನ್ಯತೆ ಇರಬೇಕು. ಖಾಸಗಿ ಡಿಪ್ಲೊಮಾಗಳು ಇಲ್ಲಿಯೇ ಎಡವುತ್ತವೆ. ಅರ್ಜಿಗೆ ಮೊದಲೇ ಬ್ಯಾಂಕಿನಲ್ಲಿ ಕೋರ್ಸಿನ ಹೆಸರು ಹೇಳಿ ಕೇಳುವುದು ಒಳ್ಳೆಯದು.

ವ್ಯವಹಾರ ಕಲಿಸುತ್ತಾರೆಯೇ ಎಂಬುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರ ತೆಗೆಸಿದವನೇ, ಬೇರೆ ಒಪ್ಪಂದ ಇಲ್ಲದಿದ್ದರೆ. ನೀವು ತೆಗೆದ ಗೆಜ್ಜೆಯ ಚಿತ್ರವನ್ನು ಹುಪರಿಯ ಅಂಗಡಿಯವರು ಕ್ಯಾಲೆಂಡರಿಗೂ ಫಲಕಕ್ಕೂ ಬಳಸಿದರೆ ಮತ್ತೆ ದುಡ್ಡು ಕೇಳುವ ಹಕ್ಕು ಬರುವುದು ಕರಾರಿನಿಂದ ಮಾತ್ರ. ಕೊಟೇಶನ್ ಬರೆಯುವುದು, ಕರಾರು ಮಾಡುವುದು, ಜಿಎಸ್‌ಟಿ ಬಿಲ್ ಮಾಡುವುದು ಸಿಲಬಸ್ಸಿನಲ್ಲಿ ಇದೆಯೇ ನೋಡಿ. ವಿದ್ಯಾರ್ಥಿಗಳ ಚಿತ್ರಗಳ ಮೇಲೆ ಕಾಲೇಜು ತನ್ನ ಹಕ್ಕು ಹೇಳುವ ಸಾಲು ಪ್ರವೇಶಪತ್ರದಲ್ಲಿ ಇದೆಯೇ ಎಂಬುದನ್ನೂ ಸಹಿಗೆ ಮೊದಲು ಓದಿ.

ದುಡ್ಡು ಕಟ್ಟುವ ಮುನ್ನ ಕೊನೆಯ ಪರಿಶೀಲನೆ. ಪದವಿ ಕೊಡುವ ಅಧಿಕಾರ ಯುಜಿಸಿ ಕಾಯ್ದೆಯಂತೆ ವಿಶ್ವವಿದ್ಯಾಲಯಕ್ಕೆ, ಇಲ್ಲವೇ ಸಂಸತ್ತಿನ ಕಾಯ್ದೆಯಿಂದ ಆ ಅಧಿಕಾರ ಪಡೆದ ಸಂಸ್ಥೆಗೆ ಮಾತ್ರ. "ಡಿಗ್ರಿ ನಾವೇ ಕೊಡ್ತೀವಿ" ಅನ್ನುವ ಸಂಸ್ಥೆಯನ್ನು ಯಾವ ವಿಶ್ವವಿದ್ಯಾಲಯ ಎಂದು ಕೇಳಿ, ಆ ಹೆಸರನ್ನು ಯುಜಿಸಿ ಜಾಲತಾಣದ ಪಟ್ಟಿಯಲ್ಲಿ ಹುಡುಕಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಅಲ್ಲಿಯೇ ಇದೆ. ಒಂದು ಕಡೆ ಫೀಸು ಕಟ್ಟಿದ ಮೇಲೆ ಬೇರೆ ಕಡೆ ಸೀಟು ಸಿಕ್ಕರೆ ಏನು ಮಾಡಬೇಕೆಂಬುದೂ ಗೊತ್ತಿರಲಿ. ಯುಜಿಸಿಯ 2018ರ ಅಧಿಸೂಚನೆಯಂತೆ ಪ್ರವೇಶದ ಘೋಷಿತ ಕೊನೆಯ ದಿನಕ್ಕಿಂತ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ, ಸಣ್ಣ ಕಡಿತ ಬಿಟ್ಟು ಇಡೀ ಫೀಸು ವಾಪಸ್ ಬರಬೇಕು. ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಬಿಡುವ ಅರ್ಜಿಯನ್ನು ಬರಹದಲ್ಲಿಯೇ ಕೊಟ್ಟು ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ವಿಶ್ವವಿದ್ಯಾಲಯಕ್ಕೆ ಸೇರದ ಖಾಸಗಿ ಡಿಪ್ಲೊಮಾ ಸಂಸ್ಥೆಗಳಿಗೆ ಈ ನಿಯಮ ಹತ್ತುವುದಿಲ್ಲವಾದ್ದರಿಂದ, ಅಲ್ಲಿ ಮೊದಲ ಕಂತು ಕಟ್ಟುವ ಮೊದಲೇ ವಾಪಸಾತಿಯ ಷರತ್ತನ್ನು ಅವರ ಲೆಟರ್‌ಹೆಡ್ಡಿನ ಮೇಲೆ ಬರೆಸಿಕೊಳ್ಳಬೇಕು.